ಮಂಡಿಯ ಹೊರಬದಿಯ ನೋವಿಗೆ ಪಟ್ಟಿ ಹುಡುಕಿದ ಮೂರು ತಿಂಗಳು

ನೋವು ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಒಂದೇ ಬೆರಳಿನಲ್ಲಿ ತೋರಿಸುತ್ತಿದ್ದೆ. ಎಡ ಮಂಡಿಯ ಹೊರಬದಿಯಲ್ಲಿ, ಚಿಪ್ಪಿನಿಂದ ತುಸು ಹಿಂದಕ್ಕೆ, ಚರ್ಮದ ಅಡಿಯಲ್ಲೇ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಆ ಉಬ್ಬಿನ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಆದರೆ ಮೊದಲ ಐದಾರು ವಾರ ಹಾಗೆ ಕೇಳಿದವರಿಲ್ಲ, ನಾನಾಗಿ ತೋರಿಸಲೂ ಇಲ್ಲ. ‘ಮಂಡಿ ನೋವು’ ಎಂದೆ. ಮಂಡಿ ನೋವು ಎಂದವರಿಗೆ ಏನು ಕೊಡುತ್ತಾರೋ ಅದನ್ನೇ ಕೊಟ್ಟರು. ನನ್ನ ಕಪಾಟಿನಲ್ಲಿ ಈಗ ಮಂಡಿಗೆ ಕಟ್ಟುವ ಸಾಧನಗಳು ನಾಲ್ಕಿವೆ. ಅವುಗಳಲ್ಲಿ ಎರಡಕ್ಕೆ ನನ್ನ ನೋವಿನೊಂದಿಗೆ ಸಂಬಂಧವೇ ಇರಲಿಲ್ಲ.

ನಾನು ಶಿರಸಿ ಕಡೆಯವಳು. ಕೆಲಸದ ಕಾರಣಕ್ಕೆ ಕಾರವಾರಕ್ಕೆ ಬಂದು ಆರು ವರ್ಷವಾಯಿತು, ಮನೆ ಕಾಜುಬಾಗದಲ್ಲಿ. ನಲವತ್ತು ದಾಟಿದ ಮೇಲೆ ಓಡಲು ಶುರುಮಾಡಿದೆ. ಮಳೆಗಾಲದಲ್ಲಿ ಅದು ಆಗದ ಮಾತು. ಅಕ್ಟೋಬರ್ ಬಂದು ಟ್ಯಾಗೋರ್ ಕಡಲತೀರದ ಮರಳು ಬೆಳಗಿನ ಹೊತ್ತು ಗಟ್ಟಿಯಾಗಿ ಸಿಗತೊಡಗಿದಾಗ ಉತ್ಸಾಹ ತಡೆಯಲಾಗಲಿಲ್ಲ. ನಾಲ್ಕು ಕಿಲೋಮೀಟರ್ ಓಡುತ್ತಿದ್ದವಳು ಎರಡೇ ವಾರದಲ್ಲಿ ಎಂಟಕ್ಕೆ ಏರಿಸಿದೆ. ನವೆಂಬರ್ ಮೊದಲ ವಾರದಲ್ಲಿ, ಕೋಡಿಬಾಗದ ಕಡೆಗೆ ಹೋಗುವಾಗ, ರಂಪಣಿ ಬಲೆಯ ದೋಣಿಗಳನ್ನು ದಾಟಿದ ಸ್ವಲ್ಪ ಹೊತ್ತಿಗೆ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ನಿಂತೆ, ಹೋಯಿತು. ಓಡಿದೆ, ಬಂತು. ಮರುದಿನವೂ ಅದೇ ದೋಣಿಗಳ ಹತ್ತಿರ, ಹೆಚ್ಚು ಕಡಿಮೆ ಅದೇ ಹೆಜ್ಜೆಗೆ.

ಈ ನೋವಿನ ಒಂದು ಗುಣ ನನ್ನನ್ನು ಬಹಳ ದಿನ ದಾರಿ ತಪ್ಪಿಸಿತು. ಓಡುವುದನ್ನು ನಿಲ್ಲಿಸಿದರೆ ಅದು ಇಲ್ಲವೇ ಇಲ್ಲ ಎನ್ನುವಷ್ಟು ಮಾಯವಾಗುತ್ತಿತ್ತು. ಊತವಿಲ್ಲ, ಕೆಂಪಾಗುವುದಿಲ್ಲ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಮೂರು ತಾಸು ಮಂಡಿ ಮಡಚಿ ಕುಳಿತು ಶಿರಸಿಗೆ ಹೋದಾಗಲೂ ಏನೂ ಆಗಲಿಲ್ಲ. ಊರಿನ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲು ಇಳಿದೆ ನೋಡಿ, ಜೀವ ಹೋದ ಹಾಗಾಯಿತು. ಹತ್ತುವಾಗ ಇಲ್ಲದ ನೋವು ಇಳಿಯುವಾಗ. ನಮ್ಮ ಮನೆ ಮೇಲೆ, ತೋಟ ಕೆಳಗೆ. ಹಿತ್ತಿಲಿನಿಂದ ಅಡಿಕೆ ತೋಟಕ್ಕೆ ಮಣ್ಣಿನಲ್ಲಿ ಕಡಿದ ಮೆಟ್ಟಿಲುಗಳು. ಹುಟ್ಟಿದಾಗಿನಿಂದ ಓಡಿ ಇಳಿದ ಮೆಟ್ಟಿಲುಗಳನ್ನು ಆ ಸಲ ಅಡ್ಡ ತಿರುಗಿ, ಬಲಗಾಲು ಮೊದಲು ಬಿಟ್ಟು, ಒಂದೊಂದಾಗಿ ಇಳಿದೆ. ಅಮ್ಮ ರಾತ್ರಿ ಎಣ್ಣೆ ಬಿಸಿ ಮಾಡಿ ಮಂಡಿಗೆಲ್ಲ ತಿಕ್ಕಿದರು. ಹಿತವೇನೋ ಆಯಿತು. ಬೆಳಿಗ್ಗೆ ಮೆಟ್ಟಿಲಿಗೆ ಹೋದರೆ ನೋವು ತನ್ನ ಜಾಗದಲ್ಲೇ ಕಾದಿತ್ತು.

ಕಾರವಾರಕ್ಕೆ ಮರಳಿದವಳು ಔಷಧದ ಅಂಗಡಿಗೆ ಹೋಗಿ ನೀ ಕ್ಯಾಪ್ ಕೇಳಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದು ನನ್ನೊಬ್ಬಳ ಪಾಡಲ್ಲ. ಮಂಡಿಯ ಸಾಧನ ಕೊಳ್ಳುವುದಕ್ಕೆ ಅಳತೆ ಬೇಕು. ಪೊಟ್ಟಣದ ಹಿಂದೆ ಬರೆದೇ ಇರುತ್ತದೆ, ಚಿಪ್ಪಿನ ನಡುಮಧ್ಯದ ಸುತ್ತಳತೆ ಇಷ್ಟಿದ್ದರೆ ಈ ಗಾತ್ರ ಎಂದು. ಆದರೆ ಹೆಂಗಸೊಬ್ಬಳು ಅಂಗಡಿಯ ಕಟ್ಟೆಯ ಎದುರು ನಿಂತು ಮಂಡಿಯ ಅಳತೆ ಕೊಡುವುದು ಹೇಗೆ? ಅಲ್ಲಿದ್ದ ಹುಡುಗ ಸಂಕೋಚದಿಂದ ಚೂಡಿದಾರದ ಮೇಲೆಯೇ ಟೇಪು ಹಿಡಿದ, ನಾನೂ ಸಂಕೋಚದಿಂದ ‘ಆಯಿತು, ಕೊಡಿ’ ಎಂದೆ. ಬಟ್ಟೆಯ ಮಡಿಕೆಯೂ ಸೇರಿದ ಅಳತೆ ಅದು. 380 ರೂಪಾಯಿ ಕೊಟ್ಟು ಮನೆಗೆ ತಂದು ಹಾಕಿಕೊಂಡರೆ ಒಂದು ಗಾತ್ರ ದೊಡ್ಡದು. ನಡೆದಷ್ಟೂ ಜಾರಿ ಮೀನಖಂಡಕ್ಕೆ ಬಂದು ನಿಲ್ಲುತ್ತಿತ್ತು. ಬದಲಿಸಿ ತಂದೆ. ಎರಡನೆಯದು ಸರಿಯಾಗಿ ಹಿಡಿಯಿತು, ಆದರೆ ಅದು ನಿಯೋಪ್ರೀನ್, ಅಂದರೆ ಕೃತಕ ರಬ್ಬರಿನ ಬಟ್ಟೆ. ಗಾಳಿಯಾಡುವುದಿಲ್ಲ. ತಂಪು ಸೀಮೆಯಲ್ಲಿ ಅದರ ಬಿಸಿ ಹಿತವಾಗಿರಬಹುದು. ಕರಾವಳಿಯ ಬೆವರಿಗೆ ನಾಲ್ಕೇ ದಿನದಲ್ಲಿ ಮಂಡಿಯ ಹಿಂಬದಿಯ ಮಡಿಕೆಯಲ್ಲಿ ಕೆಂಪು ಗುಳ್ಳೆಗಳೆದ್ದವು. ಕೆಲವರಿಗೆ ಈ ರಬ್ಬರಿನಲ್ಲಿ ಬಳಸುವ ರಾಸಾಯನಿಕವೇ ಒಗ್ಗುವುದಿಲ್ಲವಂತೆ. ನನ್ನದು ಬರೀ ಬೆವರಿನ ಗುಳ್ಳೆಯೇ ಇರಬೇಕು, ಬಿಟ್ಟ ಮೂರು ದಿನಕ್ಕೆ ಆರಿತು.

ಗುಳ್ಳೆಯನ್ನಾದರೂ ಸಹಿಸಿಕೊಳ್ಳುತ್ತಿದ್ದೆ, ನೋವು ಕಡಿಮೆಯಾಗಿದ್ದರೆ. ಆಗಲಿಲ್ಲ. ಮಂಡಿ ಬೆಚ್ಚಗಿತ್ತು, ಯಾರೋ ಹಿಡಿದುಕೊಂಡಿದ್ದಾರೆ ಎಂಬ ಭರವಸೆ ಇತ್ತು, ಅಷ್ಟೇ. ದೋಣಿಗಳ ಹತ್ತಿರ ಬಂದಾಗ ಸೂಜಿ ಮತ್ತೆ ಚುಚ್ಚುತ್ತಿತ್ತು.

ಎರಡನೆಯ ಸಾಧನ ಬಂದದ್ದು ವಾಲಿಬಾಲ್ ಆಡುವ ಸಂಬಂಧಿಕನಿಂದ. ಮಂಡಿಚಿಪ್ಪಿನ ಕೆಳಗೆ ಕಟ್ಟುವ ತೆಳು ಪಟ್ಟಿ, ನಡುವೆ ಒಂದು ಗಟ್ಟಿ ಉಬ್ಬು. ಅವನಿಗೆ ಅದರಿಂದ ಬಹಳ ಉಪಕಾರವಾಗಿತ್ತು, ಅದಕ್ಕೇ ಪ್ರೀತಿಯಿಂದ ಕೊಟ್ಟ. ಅವನ ನೋವು ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನದು, ಜಿಗಿಯುವವರಿಗೆ ಬರುವಂಥದು. ಆ ಪಟ್ಟಿ ಇರುವುದೇ ಅದಕ್ಕೆ. ನನಗೆ ಅದು ತಿಳಿದಿರಲಿಲ್ಲ. ನನ್ನ ನೋವು ಹೊರಬದಿಯಲ್ಲಿ ತಾನೇ ಎಂದು ಉಬ್ಬನ್ನು ಹೊರಬದಿಗೆ ತಿರುಗಿಸಿ ಬಿಗಿಯಾಗಿ ಕಟ್ಟಿದೆ. ಹತ್ತು ನಿಮಿಷದಲ್ಲಿ ಪಾದದ ಮೇಲ್ಭಾಗ ಜುಮ್ಮೆಂದಿತು. ಇನ್ನೊಂದೈದು ನಿಮಿಷಕ್ಕೆ ಹೆಬ್ಬೆರಳ ಪಕ್ಕದ ಚರ್ಮ ಮುಟ್ಟಿದರೂ ತಿಳಿಯದ ಹಾಗಾಯಿತು. ಹೆದರಿ ಬಿಚ್ಚಿದೆ. ಸ್ಪರ್ಶ ಪೂರ್ತಿ ಮರಳಲು ಮಧ್ಯಾಹ್ನವಾಯಿತು.

ಆಮೇಲೆ ತಿಳಿದದ್ದು: ಮಂಡಿಯ ಕೆಳಗೆ ಹೊರಬದಿಯಲ್ಲಿ ಸಣ್ಣ ಮೂಳೆಯ ತಲೆ ಕೈಗೆ ಸಿಗುತ್ತದೆ. ಅದರ ಕುತ್ತಿಗೆಯನ್ನು ಬಳಸಿಕೊಂಡು ಪೆರೋನಿಯಲ್ ಎಂಬ ನರ ಹಾದುಹೋಗುತ್ತದೆ, ಅದೂ ಚರ್ಮಕ್ಕೆ ತೀರಾ ಹತ್ತಿರದಲ್ಲಿ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ಹೋಗುವುದು ಅದರಿಂದಲೇ. ಅಲ್ಲಿ ಹೊತ್ತುಗಟ್ಟಲೆ ಒತ್ತಿದರೆ ಪಾದವನ್ನು ಎತ್ತುವ ಶಕ್ತಿಯೇ ಕುಗ್ಗಬಹುದು. ಮಂಡಿಯ ಕೆಳಗೆ ಏನನ್ನೇ ಕಟ್ಟುವವರು ಈ ಜಾಗವನ್ನು ಬೆರಳಿನಿಂದ ಹುಡುಕಿಕೊಂಡು, ಅಲ್ಲಿ ಒತ್ತಡ ಬೀಳದಂತೆ ಕಟ್ಟಬೇಕು. ನನಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಮೂಳೆ ವೈದ್ಯರಲ್ಲಿಗೆ ಹೋದೆ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಓಟ ನಿಲ್ಲಿಸಿ, ಫಿಸಿಯೋಥೆರಪಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಡಿಸೆಂಬರ್ ನಡುವಿನ ಒಂದು ಶನಿವಾರ ಆ ಚೀಟಿ ಹಿಡಿದು ಹೋದವಳಿಗೆ ಮೊದಲ ಸಲ ಯಾರೋ ಕೇಳಿದರು: ‘ಒಂದು ಬೆರಳಿನಲ್ಲಿ ತೋರಿಸಿ.’

ತೋರಿಸಿದೆ. ಆ ಫಿಸಿಯೋಥೆರಪಿಸ್ಟ್ ನನ್ನನ್ನು ಅಂಗಾತ ಮಲಗಿಸಿ, ಮಂಡಿಯನ್ನು ಮಡಚಿ, ಆ ಉಬ್ಬಿನ ಮೇಲೆ ಹೆಬ್ಬೆರಳು ಒತ್ತಿ, ಕಾಲನ್ನು ನಿಧಾನವಾಗಿ ನೇರ ಮಾಡುತ್ತ ಬಂದರು. ಏನಿಲ್ಲ, ಏನಿಲ್ಲ, ಇನ್ನೇನು ನೇರವಾಗಬೇಕು ಎನ್ನುವ ಒಂದು ಕೋನದಲ್ಲಿ ಓಟದ ಅದೇ ಸೂಜಿ ಚುಚ್ಚಿತು. ‘ಇಲ್ಲಿ, 30 ಡಿಗ್ರಿ ಆಸುಪಾಸು,’ ಎಂದರು. ಇದಕ್ಕೆ ನೋಬಲ್ ಪರೀಕ್ಷೆ ಎಂದು ಹೆಸರು. ನಂತರ ಎರಡು ಮೂಳೆ ಸೇರುವ ಗೆರೆಯ ಉದ್ದಕ್ಕೂ ಒತ್ತಿದರು, ಚಿಪ್ಪನ್ನು ಆಚೆ ಈಚೆ ಸರಿಸಿದರು, ಕಾಲನ್ನು ತಿರುಚಿ ನೋಡಿದರು. ಎಲ್ಲಿಯೂ ನೋವಿಲ್ಲ. ಮಂಡಿ ಸಿಕ್ಕಿಕೊಳ್ಳುತ್ತದೆಯೇ, ಹಠಾತ್ತನೆ ಕುಸಿಯುತ್ತದೆಯೇ, ಊದುತ್ತದೆಯೇ ಎಂದೂ ಕೇಳಿದರು. ಅವುಗಳಲ್ಲಿ ಒಂದಾದರೂ ಇದ್ದಿದ್ದರೆ ಪಟ್ಟಿಯ ಮಾತೇ ಬೇರೆ, ಒಳಗೆ ಏನು ಹರಿದಿದೆ ಎಂದು ಮೊದಲು ನೋಡಬೇಕಾಗುತ್ತಿತ್ತು.

‘ಇಲಿಯೋಟಿಬಿಯಲ್ ಬ್ಯಾಂಡ್,’ ಎಂದರು. ಇಲಿಯಂ ಎಂದರೆ ಸೊಂಟದ ಮೂಳೆ, ಟಿಬಿಯಾ ಎಂದರೆ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ. ಅಲ್ಲಿಂದ ಇಲ್ಲಿಯವರೆಗೆ ತೊಡೆಯ ಹೊರಬದಿಗೆ ಇಳಿದು ಬರುವ ದಪ್ಪ ತಂತುಪಟ್ಟಿ ಅದು. ‘ರಬ್ಬರಿನ ಹಾಗೆ ಹಿಗ್ಗುತ್ತದೆಯೇ?’ ಎಂದು ಕೇಳಿದೆ. ‘ನೀವು ತೋಟದ ಮನೆಯವರಲ್ಲವೇ, ಅಡಿಕೆ ಹಾಳೆ ಎಂದುಕೊಳ್ಳಿ. ಬಾಗುತ್ತದೆ, ಎಳೆದರೆ ಹಿಗ್ಗುವುದಿಲ್ಲ,’ ಎಂದರು. ನನಗೆ ಇಡೀ ವಿಷಯ ಆ ಒಂದು ಮಾತಿನಲ್ಲಿ ಹೊಕ್ಕಿತು. ಅದನ್ನು ಬಿಗಿ ಹಿಡಿಯುವ ಸ್ನಾಯುಗಳಿರುವುದು ಮೇಲೆ, ಸೊಂಟದ ಬದಿಯಲ್ಲಿ. ನೋಯುವುದು ಕೆಳಗೆ, ಮಂಡಿ ತುಸು ಬಾಗಿದಾಗ ಈ ತಂತುಪಟ್ಟಿ ಮೂಳೆಯ ಉಬ್ಬಿನ ಮೇಲೆ ಒತ್ತುವಲ್ಲಿ. ಓಡುವಾಗ ಪಾದ ನೆಲ ಮುಟ್ಟುವ ಹೊತ್ತಿಗೆ ಮಂಡಿ ಇರುವುದು ಆ ಕೋನದ ಹತ್ತಿರವೇ. ಮೆಟ್ಟಿಲಿಳಿಯುವಾಗಲೂ ಮೈಭಾರ ಹೊತ್ತ ಮಂಡಿ ಅದೇ ಕೋನವನ್ನು ನಿಧಾನವಾಗಿ ಹಾದು ಹೋಗುತ್ತದೆ. ಬಸ್ಸಿನಲ್ಲಿ ಕುಳಿತಾಗ ಮಂಡಿ ಅದಕ್ಕಿಂತ ಬಹಳ ಹೆಚ್ಚು ಮಡಚಿರುತ್ತದೆ, ಭಾರವೂ ಇಲ್ಲ. ಅಂತೂ ನನ್ನ ಬಸ್ಸಿನ ಒಗಟು ಬಿಡಿಸಿತು.

ಈ ನೋವನ್ನು ಅಮೆರಿಕದ ಮರೀನ್ ಪಡೆಯ ತರಬೇತಿಯಲ್ಲಿದ್ದವರಲ್ಲಿ ಗುರುತಿಸಿ ಜೇಮ್ಸ್ ರೆನ್ ಎಂಬ ವೈದ್ಯರು 1975ರಲ್ಲಿ ಬರೆದರಂತೆ. ಅರ್ಗಾದ ನೌಕಾನೆಲೆ ಪಕ್ಕದಲ್ಲೇ ಇರುವ ಈ ಊರಿನಲ್ಲಿ ಅದನ್ನು ಕೇಳಿದಾಗ, ಬೆಳಗ್ಗೆ ಸಾಲಾಗಿ ಓಡುವ ತರುಣರ ಚಿತ್ರ ಕಣ್ಣ ಮುಂದೆ ಬಂತು. ಆಗ ಎಲ್ಲರೂ ತಂತುಪಟ್ಟಿ ಹಿಂದೆ ಮುಂದೆ ಉಜ್ಜುವುದರಿಂದ ನೋವು ಎಂದು ತಿಳಿದಿದ್ದರು. 2006ರಲ್ಲಿ ಫೇರ್‌ಕ್ಲೋ ಎಂಬ ಸಂಶೋಧಕ ಮತ್ತು ಜೊತೆಗಾರರು ಅಂಗರಚನೆಯನ್ನು ಬಿಡಿಸಿ ನೋಡಿ, ತಂತುಪಟ್ಟಿ ಅಷ್ಟು ಸಡಿಲವಾಗಿ ಜಾರುವುದಿಲ್ಲ, ತೊಡೆಮೂಳೆಗೆ ಎಳೆಗಳಿಂದ ಬಂಧಿಸಿಕೊಂಡಿದೆ, ಅದರ ಅಡಿಯಲ್ಲಿ ನರ ತುಂಬಿದ ಕೊಬ್ಬಿನ ಪದರವೊಂದು ಅದುಮಿಕೊಳ್ಳುತ್ತದೆ ಎಂದು ವಾದಿಸಿದರು. ಉಜ್ಜುವುದೋ ಅದುಮುವುದೋ ನಮಗೇನು ಎಂದು ಅನ್ನಿಸಬಹುದು. ಆದರೆ ಕೊಂಡು ತಂದ ಪಟ್ಟಿಯನ್ನು ಎಲ್ಲಿ ಕಟ್ಟಬೇಕು ಎಂಬುದು ಅದರ ಮೇಲೆಯೇ ನಿಂತಿದೆ. ಅದುಮಿ ನೋಯುತ್ತಿರುವ ಜಾಗದ ಮೇಲೆಯೇ ಇನ್ನಷ್ಟು ಅದುಮಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆಕೆ ಇನ್ನೊಂದು ಪ್ರಶ್ನೆ ಕೇಳಿದರು.

‘ಓಡುವಾಗ ಸಮುದ್ರ ನಿಮ್ಮ ಯಾವ ಕೈಗೆ?’

‘ಹೋಗುವಾಗ ಎಡಗೈಗೆ.’

‘ಬರುವಾಗ?’

‘ಬರುವಾಗ ಮರಳಿನಲ್ಲಿ ಬರುವುದಿಲ್ಲ, ಕೋಡಿಬಾಗ ರಸ್ತೆ ಹಿಡಿಯುತ್ತೇನೆ.’

‘ರಸ್ತೆಯ ಯಾವ ಬದಿ?’

‘ಎಡಬದಿ.’

ಚೀಟಿಯ ಹಿಂಬದಿಗೆ ಎರಡು ಓರೆ ಗೆರೆ ಎಳೆದು ತೋರಿಸಿದರು. ತೀರದ ಮರಳು ಸಮುದ್ರದ ಕಡೆಗೆ ಇಳಿಜಾರು. ಉತ್ತರಕ್ಕೆ ಓಡುವವಳಿಗೆ ಎಡಗಾಲು ತಗ್ಗಿನಲ್ಲಿ. ಡಾಂಬರು ರಸ್ತೆ ಮಳೆನೀರು ಹರಿಯಲೆಂದು ಅಂಚಿಗೆ ಇಳಿಜಾರು. ಎಡ ಅಂಚಿನಲ್ಲಿ ಮರಳುವವಳಿಗೆ ಮತ್ತೆ ಎಡಗಾಲೇ ತಗ್ಗಿನಲ್ಲಿ. ಹೋಗುವ ನಾಲ್ಕು, ಬರುವ ನಾಲ್ಕು, ಎಂಟೂ ಕಿಲೋಮೀಟರ್ ಒಂದೇ ಕಾಲಿನ ಹೊರಬದಿಯನ್ನು ಎಳೆದಿದ್ದೆ. ಈ ಗೆರೆಗಳನ್ನು ನೋಡಿದಾಗ ನನಗಾದ ಸಮಾಧಾನವನ್ನು ಹೇಗೆ ಹೇಳಲಿ. ವಯಸ್ಸಾಯಿತು, ಮಂಡಿ ಸವೆಯಿತು ಎಂದು ಒಳಗೊಳಗೇ ಕೊರಗುತ್ತಿದ್ದೆ. ಕಾರಣ ಕಾಲಿನಡಿಯ ನೆಲದಲ್ಲಿಯೂ ಇತ್ತು.

ಪಟ್ಟಿಯ ಆಯ್ಕೆ ಶುರುವಾದದ್ದು ಆ ಮೇಲೆ. ಆಕೆ ಕಪಾಟಿನಿಂದ ನಾಲ್ಕು ಬಗೆಯವನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ಬದಿಗೆ ಲೋಹದ ಕೀಲಿರುವುದು, ಅಸ್ಥಿರಜ್ಜು ಹರಿದು ಮಂಡಿ ಅತ್ತಿತ್ತ ಓಲಾಡುವವರಿಗೆ. ಒಂದು ಬದಿಯಿಂದ ಮಂಡಿಯನ್ನು ದೂಡಿ ಹಿಡಿಯುವ ದೊಡ್ಡ ಚೌಕಟ್ಟು, ಸಂಧಿಯ ಒಂದು ಪಕ್ಕ ಸವೆದ ಹಿರಿಯರಿಗೆ. ಚಿಪ್ಪಿಗೆ ರಂಧ್ರವಿರುವ ತೋಳು, ಚಿಪ್ಪಿನ ಸುತ್ತ ನೋಯುವವರಿಗೆ. ನಾಲ್ಕನೆಯದು ಕಣ್ಣಿಗೆ ಏನೂ ಅಲ್ಲದ್ದು: ಮೂರು ಬೆರಳು ಅಗಲದ ಪಟ್ಟಿ, ಒಳಮೈಗೆ ಒಂದು ಮೆತ್ತೆ, ತುದಿಗೆ ಅಂಟುಪಟ್ಟಿ (ವೆಲ್ಕ್ರೋ). ಅದನ್ನು ಕಟ್ಟುವುದು ಮಂಡಿಯ ಮೇಲೆ ಅಲ್ಲ, ಮಂಡಿಗಿಂತ ಮೇಲೆ, ತೊಡೆ ಮುಗಿಯುವಲ್ಲಿ. ತಂತುಪಟ್ಟಿ ಉಬ್ಬನ್ನು ತಲುಪುವ ಮೊದಲೇ ಅದನ್ನು ಮೇಲಿನಿಂದ ಹಿಡಿದು, ನೋಯುವ ಜಾಗದ ಮೇಲಿನ ಎಳೆತವನ್ನು ತುಸು ಬದಲಿಸುವುದು ಅದರ ಕೆಲಸ.

ನನಗೆ ಕೀಲಿನದರ ಮೇಲೆ ಆಸೆಯಿತ್ತು. ಅಷ್ಟು ಗಟ್ಟಿ ಇದ್ದ ಮೇಲೆ ಅಷ್ಟು ಗುಣವೂ ಇರಬೇಕು ಎಂದು ತೋರುತ್ತದೆ. ಹಾಕಿಸಿ ಕೂರಿಸಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಲು ಹೋದೆ, ಆಗಲಿಲ್ಲ. ನಮ್ಮ ಬದುಕಿನಲ್ಲಿ ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂರುತ್ತೇವೆ! ದೇವರ ಮುಂದೆ, ಊಟದ ಪಂಕ್ತಿಯಲ್ಲಿ, ಬಚ್ಚಲಲ್ಲಿ, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವಾಗ. ಕುರ್ಚಿಯಲ್ಲಿ ಕೂರುವವರಿಗೆಂದು ಮಾಡಿದ ಸಾಧನವನ್ನು ಕೊಳ್ಳುವ ಮೊದಲು ನೆಲದ ಮೇಲೆ ಕೂತು ನೋಡಬೇಕು. ಇದನ್ನು ಯಾವ ಪೊಟ್ಟಣದ ಮೇಲೂ ನಾನು ಕಂಡಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅಳತೆಯಷ್ಟೇ ಮುಖ್ಯ.

ಆಕೆ ಪಟ್ಟಿಯನ್ನು ಮಾರಲಿಲ್ಲ, ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ. ಮನೆಯಲ್ಲಿ ಅಳತೆ ತೆಗೆಯುವುದನ್ನು ಮಾತ್ರ ಕಲಿಸಿದರು. ನೇರ ನಿಂತು, ಬರಿಯ ಚರ್ಮದ ಮೇಲೆ, ಚಿಪ್ಪಿನ ಮೇಲಂಚಿನಿಂದ ಎರಡು ಬೆರಳು ಮೇಲೆ ಟೇಪು ಸುತ್ತಬೇಕು. ನನ್ನದು ಬೆಳಿಗ್ಗೆ 41 ಸೆಂಟಿಮೀಟರ್, ಸಂಜೆ 42. ಬಾಗಿಲು ಹಾಕಿಕೊಂಡು, ಅವಸರವಿಲ್ಲದೆ, ಯಾರ ಮುಖ ನೋಡುವ ಸಂಕೋಚವೂ ಇಲ್ಲದೆ ಅಳೆದ ಆ ಎರಡು ಅಂಕಿ ಕೈಯಲ್ಲಿದ್ದ ಮೇಲೆ ಆನ್‌ಲೈನ್‌ನಲ್ಲಿ ತರಿಸುವುದು ಕಷ್ಟವಾಗಲಿಲ್ಲ. 36ರಿಂದ 44ರವರೆಗೆ ಎಂದು ಬರೆದದ್ದನ್ನು ಆರಿಸಿದೆ. ನನ್ನ ಅಳತೆ ಗಾತ್ರದ ತುದಿಗೆ ಬಾರದೆ ಒಳಗೇ ಬೀಳಲಿ ಎಂದು. ತುದಿಗೆ ಬಿದ್ದರೆ ಅಂಟುಪಟ್ಟಿ ಅರ್ಧವೇ ಅಂಟುತ್ತದೆ, ಹತ್ತು ಹೆಜ್ಜೆಗೆ ಬಿಚ್ಚುತ್ತದೆ.

ಮೊದಲು ಬಂದದ್ದರ ಮೆತ್ತೆ ಕಲ್ಲಿನಂತೆ ಗಟ್ಟಿ, ಅಗಲ ಕಡಿಮೆ. ಸರಿಯಾದ ಜಾಗಕ್ಕೆ ಕೂತರೆ ಚೆನ್ನಾಗಿ ಹಿಡಿಯುತ್ತಿತ್ತು, ಅರ್ಧ ಬೆರಳು ಸರಿದರೂ ತೊಡೆಗೆ ಗುರುತು ಬೀಳುವಷ್ಟು ಕೊರೆಯುತ್ತಿತ್ತು. ಎರಡು ವಾರದ ನಂತರ ಇನ್ನೊಂದು ತರಿಸಿದೆ, 640 ರೂಪಾಯಿ. ಮೆತ್ತೆ ಅಗಲ, ಒತ್ತಿದರೆ ತುಸು ತಗ್ಗುವಂಥದು, ಒಳಮೈಗೆ ಜಾರದಂತೆ ಸಿಲಿಕೋನ್ ಗೆರೆಗಳು. ಹೊರಬಟ್ಟೆ ರಂಧ್ರಗಳಿರುವ ಹೆಣಿಗೆಯದು, ಬೆವರು ಆರುತ್ತದೆ. ಕರಾವಳಿಯವರು ಬಣ್ಣ, ಹೆಸರು, ಬೆಲೆಗಿಂತ ಮೊದಲು ಇದನ್ನು ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಕಟ್ಟುವ ಜಾಗ ಹುಡುಕಲು ನಾಲ್ಕು ದಿನ ಹಿಡಿಯಿತು. ಓಡಿ ನೋಡುವಂತಿರಲಿಲ್ಲ, ಆದ್ದರಿಂದ ಕಚೇರಿಯ ಮೆಟ್ಟಿಲನ್ನೇ ಅಳತೆಗೋಲು ಮಾಡಿಕೊಂಡೆ. ಒಟ್ಟು 18 ಮೆಟ್ಟಿಲು. ಪಟ್ಟಿಯಿಲ್ಲದೆ ಇಳಿದರೆ ಮೂರನೆಯದಕ್ಕೆ ನೋವು. ಮೊದಲ ದಿನ, ನೋಯುವಲ್ಲೇ ಹಿಡಿಯಬೇಕಲ್ಲವೇ ಎಂದು ಮೆತ್ತೆಯನ್ನು ಉಬ್ಬಿನ ಮೇಲೆಯೇ ಇಟ್ಟು ಬಿಗಿದೆ. ಮೊದಲ ಮೆಟ್ಟಿಲಿಗೇ ಕಣ್ಣಲ್ಲಿ ನೀರು ಬಂತು. ಮರುದಿನ ಎರಡು ಬೆರಳು ಮೇಲಕ್ಕೆ ಸರಿಸಿದೆ, ಮೆತ್ತೆ ತೊಡೆಯ ಹೊರಬದಿಗೆ ನೇರವಾಗಿ. ಹನ್ನೆರಡನೆಯ ಮೆಟ್ಟಿಲಿನವರೆಗೆ ಏನೂ ಇಲ್ಲ, ಆಮೇಲೆ ಮಂದವಾಗಿ. ಮೂರನೆಯ ದಿನ ಇನ್ನೂ ಬಿಗಿ ಮಾಡಿದರೆ ಇನ್ನೂ ಒಳ್ಳೆಯದಾದೀತು ಎಂದು ಎಳೆದು ಕಟ್ಟಿದೆ. ಪಟ್ಟಿಯ ಮೇಲಂಚಿನಲ್ಲಿ ತೊಡೆ ಉಬ್ಬಿ ನಿಂತಿತು, ಮಧ್ಯಾಹ್ನಕ್ಕೆ ಕಾಲು ಜಡವಾಯಿತು, ನೋವಿಗೆ ಯಾವ ಲಾಭವೂ ಇಲ್ಲ. ನಾಲ್ಕನೆಯ ದಿನ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲಿಸಿ, ನಿಂತುಕೊಂಡು, ಮಂಡಿಯನ್ನು ತುಸು ಬಗ್ಗಿಸಿ ಕಟ್ಟಿದೆ. ಹದಿನೆಂಟೂ ಮೆಟ್ಟಿಲು ಇಳಿದು ಕೆಳಗೆ ನಿಂತೆ. ನೋವಿಲ್ಲ! ಬಾಲ್‌ಪೆನ್ನಿನಿಂದ ಪಟ್ಟಿಯ ಮೇಲಂಚಿಗೆ ಚರ್ಮದ ಮೇಲೊಂದು ಗೆರೆ ಎಳೆದುಕೊಂಡೆ. ಒಂದು ವಾರ ಸ್ನಾನ ಮಾಡಿದ ಮೇಲೆಲ್ಲ ಆ ಗೆರೆಯನ್ನು ಮತ್ತೆ ತಿದ್ದುತ್ತಿದ್ದೆ.

ಸಂತೋಷದಲ್ಲಿ ಆ ಭಾನುವಾರವೇ ಮರಳಿಗೆ ಇಳಿದೆ. ಅದು ತಪ್ಪಾಯಿತು. ಎರಡು ಕಿಲೋಮೀಟರ್ ಹಾಯಾಗಿ ಹೋಯಿತು, ಮೂರನೆಯದರಲ್ಲಿ ಪಟ್ಟಿಯ ಅಡಿಯಿಂದಲೇ ನೋವು ಎದ್ದು ಬಂತು. ಎರಡು ದಿನ ಕುಂಟಿದೆ. ಆಕೆ ಬೈಯಲಿಲ್ಲ. ‘ಪಟ್ಟಿ ನಿಮಗೆ ನಡೆಯಲು, ಮೆಟ್ಟಿಲಿಳಿಯಲು, ವ್ಯಾಯಾಮ ಮಾಡಲು ಬಿಡುವು ಕೊಡುತ್ತದೆ. ಅಷ್ಟನ್ನೇ ಅದರಿಂದ ತೆಗೆದುಕೊಳ್ಳಿ,’ ಎಂದರು. ಸಾಧನ ಸರಿಯಾದದ್ದೇ ಇತ್ತು, ಅದರಿಂದ ನಾನು ಕೇಳಿದ್ದು ಹೆಚ್ಚಾಗಿತ್ತು.

ಮರಳಿನಿಂದ ಇನ್ನೊಂದು ಪಾಠವೂ ಸಿಕ್ಕಿತು. ಅಂಟುಪಟ್ಟಿಯ ಕೊಕ್ಕೆಗಳ ನಡುವೆ ಮರಳಿನ ಕಣ ತುಂಬಿದರೆ ಅದು ಹಿಡಿಯುವುದಿಲ್ಲ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಪ್ರತಿ ಕೊಕ್ಕೆಯ ಬುಡದಲ್ಲೂ ಒಂದೊಂದು ಹೊಳೆಯುವ ಕಣ, ಜೊತೆಗೆ ಚೂಡಿದಾರದ ಎಳೆಗಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಅಂಟುಪಟ್ಟಿಯನ್ನು ಮುಚ್ಚಿ, ಸಿಹಿನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸುತ್ತೇನೆ. ಉಪ್ಪು ಉಳಿದರೆ ಮರುದಿನ ಚರ್ಮ ಉರಿಯುತ್ತದೆ.

ಜನವರಿಯಲ್ಲಿ ಕೊನೆಕೊಯ್ಲಿಗೆ ಊರಿಗೆ ಹೋದಾಗ ಪಟ್ಟಿ ಜೊತೆಗಿತ್ತು. ಹಿತ್ತಿಲಿನ ಮಣ್ಣಿನ ಮೆಟ್ಟಿಲುಗಳನ್ನು ನೇರವಾಗಿ ಇಳಿದೆ. ಅಮ್ಮ ಮೇಲಿನಿಂದ ನೋಡುತ್ತಿದ್ದರು. ಆದರೆ ಅದೇ ವಾರ ನೆಂಟರ ಮನೆಯ ಮದುವೆಯಲ್ಲಿ ಪಂಕ್ತಿಗೆ ಕೂತಾಗ ಪಟ್ಟಿ ತೊಡೆಯ ಹಿಂಬದಿಗೆ ಕೊರೆಯಿತು. ಸೀರೆಯ ಒಳಗೆ ಕೈಹಾಕಿ ಸಡಿಲಿಸುವಂತಿಲ್ಲ, ಪಾಯಸ ಬರುವವರೆಗೂ ಹಾಗೇ ಕೂತಿದ್ದೆ. ಆಮೇಲಿಂದ ಕೂರುವ ಕೆಲಸವಿರುವಲ್ಲಿ ಅದನ್ನು ಬಿಚ್ಚಿಟ್ಟೇ ಹೋಗುತ್ತೇನೆ. ರಾತ್ರಿ ಮಲಗುವಾಗಲೂ ಕಟ್ಟುವುದಿಲ್ಲ.

ಗುಣಪಡಿಸುವ ಕೆಲಸ ನಡೆದದ್ದು ಮಂಡಿಯಿಂದ ಒಂದು ಮೊಳ ಮೇಲೆ. ಆಕೆ ನನ್ನನ್ನು ಹಿಂದಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರು: ಎಡಗಾಲಿನ ಮೇಲೆ ಭಾರ ಬಿದ್ದಾಗೆಲ್ಲ ಬಲಗಡೆಯ ಸೊಂಟ ಕುಸಿಯುತ್ತಿತ್ತು. ಎಡ ಸೊಂಟದ ಬದಿಯ ಸ್ನಾಯುಗಳಲ್ಲಿ ಬಲವಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಮೈಕೆಲ್ ಫ್ರೆಡೆರಿಕ್ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಕೆಯೇ ಹೇಳಿದರು. ಈ ನೋವಿದ್ದ 24 ಓಟಗಾರರಿಗೆ ಆರು ವಾರ ಸೊಂಟದ ಬದಿಯ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ ಮಾಡಿಸಿದಾಗ 22 ಮಂದಿ ನೋವಿಲ್ಲದೆ ಓಟಕ್ಕೆ ಮರಳಿದರು. ಆ 24 ಎಂಬ ಸಣ್ಣ ಸಂಖ್ಯೆಯೂ ನನಗೆ ಸಾಕಷ್ಟು ಧೈರ್ಯ ಕೊಟ್ಟಿತು.

ಬಲಮಗ್ಗುಲಿಗೆ ಮಲಗಿ, ಬೆನ್ನನ್ನು ಗೋಡೆಗೆ ತಾಗಿಸಿ, ಎಡಗಾಲಿನ ಹಿಮ್ಮಡಿಯನ್ನು ಗೋಡೆಗೆ ಒತ್ತಿಕೊಂಡೇ ಮೇಲಕ್ಕೆ ಜಾರಿಸುವುದು. ಹೇಳಲು ಇಷ್ಟೇ. ಹಿಮ್ಮಡಿ ಗೋಡೆ ಬಿಟ್ಟು ಮುಂದೆ ಬಂದರೆ ತೊಡೆಯ ಮುಂಬದಿ ಕೆಲಸ ಕದಿಯುತ್ತದೆ. ಬಿಡದೆ ಎತ್ತಿದರೆ ಸೊಂಟದ ಬದಿ ಉರಿಯುತ್ತದೆ. ಮೊದಲ ದಿನ ಎಂಟು ಸಲಕ್ಕಿಂತ ಹೆಚ್ಚು ಆಗಲಿಲ್ಲ. ಆರನೆಯ ವಾರಕ್ಕೆ ಹದಿನೈದರಂತೆ ಮೂರು ಸರದಿ ಮಾಡುತ್ತಿದ್ದೆ. ಕಾಜುಬಾಗದ ಮನೆಯ ಗೋಡೆಗೆ ನನ್ನ ಹಿಮ್ಮಡಿ ಜಾರಿದಷ್ಟು ಉದ್ದದ ಮಸುಕು ಗೆರೆಯೊಂದು ಮೂಡಿದೆ. ಈ ಸಲ ಬಣ್ಣ ಹೊಡೆಸುವಾಗಲೂ ಅದನ್ನು ಹಾಗೇ ಬಿಡಿಸಬೇಕೆಂದಿದ್ದೇನೆ.

ಫೆಬ್ರವರಿಯಲ್ಲಿ ಮತ್ತೆ ಓಟ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮೊದಲು ಮಾಲಾದೇವಿ ಮೈದಾನದ ಸಮತಟ್ಟಿನಲ್ಲಿ, ದಿನಬಿಟ್ಟು ದಿನ, ಒಂದು ದಿನ ಬಲಕ್ಕೆ ಸುತ್ತಿದರೆ ಮರುಸಲ ಎಡಕ್ಕೆ. ಹೆಜ್ಜೆ ಚಿಕ್ಕದು, ಬೇಗಬೇಗ. ಪಟ್ಟಿಯನ್ನು ಮೊದಲ ಎರಡು ವಾರ ಕಟ್ಟಿಕೊಂಡೆ, ನಂತರ ಚೀಲದಲ್ಲಿ ಇಟ್ಟುಕೊಂಡು ಹೋದೆ, ಆಮೇಲೆ ಓಟಕ್ಕೆ ಒಯ್ಯುವುದನ್ನೇ ಬಿಟ್ಟೆ. ಈಗ ಕಡಲತೀರಕ್ಕೂ ಹೋಗುತ್ತೇನೆ. ಇಳಿತದ ಹೊತ್ತು ನೋಡಿಕೊಂಡು, ನೀರಿನಂಚಿನ ಚಪ್ಪಟೆ ಮರಳಿನಲ್ಲಿ. ಹೋದ ಮರಳಿನ ದಾರಿಯಲ್ಲೇ ಮರಳುತ್ತೇನೆ, ಹಾಗಾಗಿ ಸಮುದ್ರ ಒಮ್ಮೆ ಎಡಗೈಗೆ, ಒಮ್ಮೆ ಬಲಗೈಗೆ.

ಕಳೆದ ವಾರ ಕಚೇರಿಯ ಗೆಳತಿಯೊಬ್ಬಳು ಮಂಡಿ ನೋವೆಂದು ನನ್ನ ಪಟ್ಟಿ ಕೇಳಿದಳು. ಚೀಲದಿಂದ ತೆಗೆದು ಕೊಡುವುದರಲ್ಲಿದ್ದೆ, ಕೈ ತಡೆಯಿತು. ‘ಒಂದು ಬೆರಳಿನಲ್ಲಿ ತೋರಿಸು,’ ಎಂದೆ. ಅವಳು ಇಡೀ ಅಂಗೈಯನ್ನು ಮಂಡಿಯ ಒಳಬದಿಗೆ ಇಟ್ಟು, ಬೆಳಿಗ್ಗೆ ಏಳುವಾಗ ಬಿಗಿದಿರುತ್ತದೆ, ಸಂಜೆಗೆ ಊದುತ್ತದೆ ಎಂದಳು. ಪಟ್ಟಿಯನ್ನು ಮತ್ತೆ ಚೀಲಕ್ಕೆ ಹಾಕಿ, ಅವಳನ್ನು ಶನಿವಾರ ವೈದ್ಯರಲ್ಲಿಗೆ ನಾನೇ ಕರೆದುಕೊಂಡು ಹೋದೆ.